ಸುಮ್ನೆ ಕೂತ ಮಕ್ಕಳು

ಆಮಿಶ್ ಅಂತ ಕನ್ನಡದಲ್ಲಿ ಬರೆಯುವಾಗಲೆಲ್ಲ ನನಗೆ ನಗು ಬರುತ್ತದೆ. ನಾಲಿಗೆ ಸ್ವಲ್ಪ ಜಾರಿದರೂ ಅದು ಆಮಿಷ. ಕಾರು ಬೇಡ, ಟಿವಿ ಬೇಡ, ಮನೆಗೆ ಕರೆಂಟಿನ ತಂತಿ ಬೇಡ ಎಂದು ಕಂಡ ಆಮಿಷಗಳಿಗೆಲ್ಲ ಬೆನ್ನು ಹಾಕಿದ, ಅಮೆರಿಕದ ಒಂದು ಕ್ರೈಸ್ತ ಪಂಗಡದ ಜನಕ್ಕೆ ನಮ್ಮ ಭಾಷೆಯಲ್ಲಿ ಇಂಥ ಹೆಸರು ಸಿಗಬೇಕೇ! ಅಮ್ಮನಂತೂ ಇಲ್ಲಿದ್ದ ಆರು ತಿಂಗಳೂ ಅವರನ್ನು "ಆಮಿಷದೋರು" ಅಂತಲೇ ಕರೆದಳು. ತಿದ್ದಿ ತಿದ್ದಿ ಸಾಕಾಗಿ ನಾನೂ ಬಿಟ್ಟುಬಿಟ್ಟೆ.

ನಾವಿರುವುದು ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಹತ್ತಿರ. ಅಲ್ಲಿಂದ ಒಂದು ಗಂಟೆ ಕಾರು ಓಡಿಸಿದರೆ ಲ್ಯಾಂಕಾಸ್ಟರ್ ಕೌಂಟಿ. ಹೋದ ಜೂನ್‌ನಲ್ಲಿ ಅಮ್ಮನನ್ನೂ ಐದು ವರ್ಷದ ಮಗನನ್ನೂ ಕರೆದುಕೊಂಡು ಆ ಕಡೆ ಹೋಗಿದ್ದೆ. ಬರ್ಡ್-ಇನ್-ಹ್ಯಾಂಡ್ ಅನ್ನುವ ಊರು ದಾಟಿದ ಮೇಲೆ ರಸ್ತೆ ಬದಿಯಲ್ಲಿ ಒಂದು ತರಕಾರಿ ಅಂಗಡಿ. ಬಟಾಣಿ, ಸ್ಟ್ರಾಬೆರಿ, ಜಾಮು, ಬೆಲ್ಲದ ಪಾಕದಂಥದ್ದು ಹಾಕಿ ಮಾಡುವ ಶೂಫ್ಲೈ ಪೈ. ಹೆಂಗಸೊಬ್ಬಳು ವ್ಯಾಪಾರ ಮಾಡುತ್ತಿದ್ದಳು. ಪಕ್ಕದಲ್ಲಿ ಮರದ ಕೆಳಗೆ ಬೆನ್ನಾಸರೆ ಇಲ್ಲದ ಒಂದು ಬೆಂಚು. ಅದರ ಮೇಲೆ ನಾಲ್ಕು ಮಕ್ಕಳು, ಬರಿಗಾಲು. ದೊಡ್ಡವಳಿಗೆ ಒಂಬತ್ತಿರಬಹುದು, ಚಿಕ್ಕವನಿಗೆ ಮೂರು. ಹುಡುಗರ ತಲೆ ಮೇಲೆ ಹುಲ್ಲಿನ ಹ್ಯಾಟು. ನಾಲ್ವರೂ ಬಟಾಣಿ ಸುಲಿಯುತ್ತಿದ್ದರು. ಮೂರು ವರ್ಷದವನೂ ಕೂಡ. ಅವನು ಸುಲಿದದ್ದರಲ್ಲಿ ಅರ್ಧ ಬಾಯಿಗೆ ಹೋಗುತ್ತಿತ್ತು ಅನ್ನಿ.

ಅದೇ ಹೊತ್ತಿಗೆ ನನ್ನ ಮಗ ಫೋನ್ ಕೊಡಲಿಲ್ಲ ಎಂದು ನೆಲದ ಮೇಲೆ ಬಿದ್ದು ಹೊರಳಾಡುತ್ತಿದ್ದ.

"ನೋಡೇ, ನಾಕೂ ಹೆಂಗೆ ಕೂತವೆ, ಬೊಂಬೆ ಥರ" ಎಂದಳು ಅಮ್ಮ. ಆಮೇಲೆ ನನ್ನ ಮಗನ ಕಡೆ ನೋಡಿದಳು. ಏನೂ ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು.

ಕಾರು ಹತ್ತಿ ಒಂದು ಮೈಲಿ ಹೋದ ಮೇಲೆ ಕೇಳಿದಳು: "ಹೊಡೀತಾರಾ ಇವ್ರು?"

ಅಮ್ಮ ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ಇಪ್ಪತ್ತೆಂಟು ವರ್ಷ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವಳು. ಅವಳ ಟೇಬಲ್ ಮೇಲೆ ಒಂದು ಬೆತ್ತ ಇರುತ್ತಿತ್ತು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಅದು ಅಟ್ಟಕ್ಕೆ ಹೋಯಿತು. ಹಾಗಾಗಿ ಅವಳು ಕೇಳಿದ್ದು ಕೆಲಸ ಗೊತ್ತಿದ್ದವಳ ಪ್ರಶ್ನೆ. ಒಬ್ಬ ಅಡುಗೆಯವನು ಇನ್ನೊಬ್ಬನ ಸಾರು ರುಚಿ ನೋಡಿ "ಇಂಗು ಹಾಕಿದಾನಾ?" ಎಂದು ಕೇಳುವ ಹಾಗೆ.

ಉತ್ತರ ನನಗೆ ಆವತ್ತು ಗೊತ್ತಿರಲಿಲ್ಲ. ಆಮೇಲೆ ಸಿಕ್ಕಿದ್ದೆಲ್ಲ ಓದಿದೆ. ಆಫೀಸಿನಲ್ಲಿ ಒಬ್ಬಳು ಮೆನೊನೈಟ್ ಇದ್ದಾಳೆ, ಅಂದರೆ ಆಮಿಶರ ದಾಯಾದಿ ಪಂಗಡದವಳು, ಅವಳ ತಲೆಯನ್ನೂ ತಿಂದೆ. ಜೀನ್ಸ್ ಹಾಕಿಕೊಂಡು ಕಾರಿನಲ್ಲಿ ಬರುವ ಮೆನೊನೈಟ್. ಮೆನೊನೈಟರಲ್ಲಿ ಹೆಚ್ಚಿನವರು ಈಗ ಹೀಗೇ ಅಂತೆ, ನೋಡಿದರೆ ಗೊತ್ತೇ ಆಗುವುದಿಲ್ಲ. ನಮ್ಮ ರಾಯಚೂರಿನ ಪಕ್ಕದ ಮಹಬೂಬ್‌ನಗರದ ಕಡೆ ನೂರು ವರ್ಷ ಹಳೆಯ ಮೆನೊನೈಟ್ ಚರ್ಚುಗಳಿವೆ, ಅಲ್ಲಿನವರು ತೆಲುಗು ಮಾತಾಡುವವರು. ಹಳೆಯ ಕಟ್ಟಿಗೇ ಅಂಟಿಕೊಂಡ ಮೆನೊನೈಟರು ಬೇರೆ. ಲ್ಯಾಂಕಾಸ್ಟರ್‌ನಲ್ಲಿ ಅವರ ಕುದುರೆ ಗಾಡಿ ಕಪ್ಪು, ಆಮಿಶರದ್ದು ಬೂದು ಬಣ್ಣ. ಅವರ ಮಕ್ಕಳು ಸೈಕಲ್ ತುಳಿಯಬಹುದು. ಆಮಿಶ್ ಮಕ್ಕಳಿಗೆ ಸೈಕಲ್ ಇಲ್ಲ, ಕಾಲಲ್ಲಿ ತಳ್ಳಿಕೊಂಡು ಹೋಗುವ ಸ್ಕೂಟರ್ ಮಾತ್ರ. ಸೈಕಲ್ ಆದರೆ ಮನೆಯಿಂದ ತುಂಬಾ ದೂರ ಹೋಗಿಬಿಡುತ್ತಾರಲ್ಲ!

ಹೊಡೆಯುತ್ತಾರೆ. ಅಮ್ಮನ ಪ್ರಶ್ನೆಗೆ ನೇರ ಉತ್ತರ ಇದು. ಬೆತ್ತ ಬಳಸದವನು ಮಗನನ್ನು ಪ್ರೀತಿಸದವನು ಅನ್ನುವ ಬೈಬಲ್ಲಿನ ಮಾತನ್ನು ಅವರು ಅಕ್ಷರಶಃ ತೆಗೆದುಕೊಳ್ಳುತ್ತಾರೆ. ಅಮೆರಿಕದ ಯಾವ ರಾಜ್ಯದಲ್ಲೂ ತಂದೆತಾಯಿ ಮನೆಯಲ್ಲಿ ಮಗುವಿಗೆ ಒಂದೇಟು ಕೊಡುವುದು ಕಾನೂನಿಗೆ ವಿರುದ್ಧವಲ್ಲ, ಹಾಗಾಗಿ ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ಯಾವ ವಯಸ್ಸಿಗೆ, ಯಾವುದಕ್ಕೆ ಅಂತ ಕೇಳಿದರೆ ಕತೆ ಉದ್ದವಾಗುತ್ತದೆ.

1525ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸುವುದು ಸರಿಯಲ್ಲ ಎಂದರು. ನಂಬಿಕೆ ಅನ್ನುವುದು ಬುದ್ಧಿ ಬಂದವರು ತಾವೇ ಒಪ್ಪಿಕೊಳ್ಳಬೇಕಾದ್ದು ಅಂತ ಅವರ ವಾದ. ಇದಕ್ಕಾಗಿ ಅವರನ್ನು ನೀರಲ್ಲಿ ಮುಳುಗಿಸಿದರು, ಸುಟ್ಟರು. ಡಚ್ ಪಾದ್ರಿ ಮೆನೊ ಸೈಮನ್ಸ್ ಹೆಸರಿನಿಂದ ಮೆನೊನೈಟರು ಬಂದರು. 1693ರಲ್ಲಿ ಯಾಕೋಬ್ ಅಮ್ಮನ್ ಅನ್ನುವವನು ಇನ್ನೂ ಬಿಗಿ ಬೇಕೆಂದು ಬೇರೆಯಾದ, ಅವನ ಕಡೆಯವರು ಆಮಿಶರು. ಇಷ್ಟು ಚರಿತ್ರೆ ಸಾಕು.

ಆದರೆ ಆ ದೀಕ್ಷೆಯ ವಿಷಯ ಇದೆಯಲ್ಲ, ಮಕ್ಕಳನ್ನು ಬೆಳೆಸುವ ಅವರ ರೀತಿಯೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಆಮಿಶರ ಮನೆಯಲ್ಲಿ ಹುಟ್ಟಿದ ಮಗು ಆಮಿಶ್ ಅಲ್ಲ. ಹದಿನೆಂಟೋ ಇಪ್ಪತ್ತೋ ಆದಾಗ ಅದು ತಾನಾಗಿ ಬಂದು ಮಂಡಿಯೂರಿ ಒಪ್ಪಿದರೆ ಮಾತ್ರ ಆಮಿಶ್. ಒತ್ತಾಯ ಮಾಡುವಂತಿಲ್ಲ. ಒತ್ತಾಯ ಮಾಡಿದರೆ ಪೂರ್ವಿಕರು ಸತ್ತದ್ದೇ ದಂಡ. ಹಾಗಂತ ಬಿಡುವಂತೆಯೂ ಇಲ್ಲ, ಏಕೆಂದರೆ ಮಗುವಿನ ಆತ್ಮಕ್ಕೆ ದೇವರ ಮುಂದೆ ಉತ್ತರ ಹೇಳಬೇಕಾದವರು ತಂದೆತಾಯಿ. ಅಂದರೆ ತಾನಾಗಿ ಬಗ್ಗುವ ಮಗುವನ್ನು ಬೆಳೆಸಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಾವು ಬಾಯಲ್ಲಿ ಹೇಳಿ ಮುಂದೆ ಹೋಗುತ್ತೇವೆ. ಇವರು ಇಡೀ ಬದುಕನ್ನೇ ಅದರ ಮೇಲೆ ಕಟ್ಟಿದ್ದಾರೆ.

ಈ ಬಗ್ಗುವುದಕ್ಕೆ ಅವರಲ್ಲಿ ಒಂದು ಹಳೆಯ ಜರ್ಮನ್ ಪದವಿದೆ, ಗೆಲಾಸೆನ್‌ಹೈಟ್. ನಾನು ಅನ್ನುವುದನ್ನು ಕೆಳಗಿಟ್ಟು ದೇವರಿಗೆ, ಸಭೆಗೆ, ಹಿರಿಯರಿಗೆ ಒಪ್ಪಿಸಿಕೊಳ್ಳುವುದು. ಮಗುವಿನ ಹಟವನ್ನು ಮುರಿಯಬೇಕು ಅಂತ ಅವರು ಬಾಯಿಬಿಟ್ಟು ಹೇಳುತ್ತಾರೆ. ನಮ್ಮ ಕಿವಿಗೆ ಒರಟಾಗಿ ಕೇಳಿಸುತ್ತದೆ. ಅವರಿಗೆ ಅದು ಕುದುರೆಗೆ ಲಗಾಮು ರೂಢಿ ಮಾಡಿಸಿದಷ್ಟೇ ಸಹಜ.

ನನಗೆ ಆಶ್ಚರ್ಯವಾಗಿದ್ದು ಇದರ ಲೆಕ್ಕಾಚಾರ. ಹಸುಗೂಸು ಏನು ಮಾಡಿದರೂ ತಪ್ಪಿಲ್ಲ. ಅತ್ತರೆ ಅದಕ್ಕೇನೋ ಬೇಕಾಗಿದೆ ಅಂತಲೇ ಅರ್ಥ, ಗದರುವ ಮಾತೇ ಇಲ್ಲ. ಎತ್ತಿಕೊಳ್ಳಲು ಮನೆ ತುಂಬ ಕೈಗಳಿರುತ್ತವೆ, ಒಂದೊಂದು ಮನೆಯಲ್ಲಿ ಆರೇಳು ಮಕ್ಕಳು ಮಾಮೂಲು. ಎರಡು ವರ್ಷ ಆಗುತ್ತಿದ್ದಂತೆ ಹವಾ ಬದಲಾಗುತ್ತದೆ. ಹೇಳಿದ್ದನ್ನು ಕೇಳಲೇಬೇಕು, ಒಂದೇ ಸಲಕ್ಕೆ ಕೇಳಬೇಕು, ಎದುರುತ್ತರ ಕೊಡಬಾರದು. ಏಟುಗಳು ಬೀಳುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ. ಶಾಲೆಗೆ ಹೋಗುವ ಹೊತ್ತಿಗೆ ಅದರ ಅಗತ್ಯವೇ ಬೀಳಬಾರದು, ಬಿದ್ದರೆ ಮೊದಲು ಎಲ್ಲೋ ತಪ್ಪಿದ್ದೇವೆ ಅಂತ ಅರ್ಥ.

ಇದನ್ನು ಹೇಳಿದಾಗ ಅಮ್ಮ ನಕ್ಕಳು. "ನಾವು ಉಲ್ಟಾ ಕಣೇ. ನಾಕೈದು ವರ್ಷದ ತನಕ ಮುದ್ದು ಮಾಡಿ ಹಾಳು ಮಾಡ್ತೀವಿ. ಆಮೇಲೆ ಸ್ಕೂಲಿಗೆ ತಂದು ಬಿಟ್ಟು, ಟೀಚರ್, ಚರ್ಮ ಸುಲೀರಿ, ಮೂಳೆ ಮಾತ್ರ ನಮಗೆ ಕೊಡಿ ಅಂತೀವಿ."

ಆದರೆ ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು, ಆ ಬೆಂಚಿನ ಮೇಲಿನ ಮಕ್ಕಳನ್ನು ಕೂರಿಸಿದ್ದು ಏಟಲ್ಲ. ಏಟು ಇದರಲ್ಲಿ ಸಣ್ಣ ಪಾಲು. ಅವರನ್ನು ಕೂರಿಸಿದ್ದು ಬೆಂಚೇ.

ಆಮಿಶರಿಗೆ ಚರ್ಚಿನ ಕಟ್ಟಡ ಇಲ್ಲ. ವಾರ ಬಿಟ್ಟು ವಾರ, ಭಾನುವಾರ, ಸರದಿಯ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಬೆಂಚುಗಳೆಲ್ಲ ಒಂದು ಗಾಡಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತವೆ. ಸಭೆ ಮೂರು ಗಂಟೆ. ಮಧ್ಯೆ ಬಿಡುವಿಲ್ಲ. ಮಕ್ಕಳಿಗೆ ಅಂತ ಬೇರೆ ಕೋಣೆ ಇಲ್ಲ, ಆಟಿಕೆ ಇಲ್ಲ. ಎರಡನೆಯದಾಗಿ ಹಾಡುವ ಸ್ತುತಿಗೀತೆಗೆ ಇರುವುದು ನಾಲ್ಕು ಚರಣ, ಅದನ್ನು ಮುಗಿಸಲು ಸುಮಾರು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಅಷ್ಟು ನಿಧಾನ. ಕೂಸಾಗಿದ್ದಾಗಿಂದ ಮಗು ಇದರ ಮಧ್ಯೆಯೇ ಇರುತ್ತದೆ. ಅಪ್ಪನ ತೊಡೆ, ಅಮ್ಮನ ತೊಡೆ, ಅಕ್ಕನ ಭುಜ. ಅಳುವ ಕೂಸನ್ನು ಎತ್ತಿಕೊಂಡು ಹೊರಗೆ ಹೋಗುತ್ತಾರೆ, ಸಮಾಧಾನವಾದ ಮೇಲೆ ವಾಪಸ್ಸು ಅಲ್ಲಿಗೇ ಬರುತ್ತಾರೆ. ಅರ್ಧ ದಾರಿಯಲ್ಲಿ ಬಿಸ್ಕತ್ತಿನಂಥದ್ದನ್ನು ಒಂದು ತಟ್ಟೆಯಲ್ಲಿಟ್ಟು ಪುಟ್ಟ ಮಕ್ಕಳಿಗೆ ಹಂಚುತ್ತಾರೆ. ಆ ಬಿಸ್ಕತ್ತಿನ ತಟ್ಟೆ ನನಗೆ ತುಂಬಾ ಇಷ್ಟವಾಯಿತು. ಮೂರು ಗಂಟೆ ಕೂರು ಅನ್ನುವವರಿಗೆ ಹೊಟ್ಟೆಯ ಕಷ್ಟವೂ ಗೊತ್ತಿದೆ.

ಮಗುವಿನ ಸುತ್ತ ನೂರಿನ್ನೂರು ಜನ ಸುಮ್ಮನೆ ಕೂತಿದ್ದರೆ ಮಗುವೂ ಕೂರುತ್ತದೆ. ನನ್ನ ಮಗನ ಸುತ್ತ ಇರುವವರು ಇಬ್ಬರು, ಇಬ್ಬರ ಕೈಯಲ್ಲೂ ಫೋನು. ಅವನಿಗೆ ಮಾತ್ರ ಫೋನ್ ಬೇಡ ಅಂದರೆ ಹೊರಳಾಡದೆ ಇನ್ನೇನು ಮಾಡಿಯಾನು?

ಶಾಲೆಯೂ ಅದೇ ಬೆಂಚಿನ ಮುಂದುವರಿಕೆ. ಒಂದೇ ಕೋಣೆ, ಎಂಟು ತರಗತಿ, ಒಬ್ಬ ಟೀಚರ್. ಆಕೆ ಹೆಚ್ಚಾಗಿ ಮದುವೆಯಾಗದ ಚಿಕ್ಕ ವಯಸ್ಸಿನ ಹುಡುಗಿ, ತಾನೂ ಎಂಟನೆಯವರೆಗೆ ಮಾತ್ರ ಓದಿದವಳು. ನಮ್ಮ ಕಡೆಯ ಏಕೋಪಾಧ್ಯಾಯ ಶಾಲೆ ಅನ್ನಿ. ಗೋಡೆಯ ಮೇಲೆ ಜಾಯ್ ಅಂತ ಬರೆದಿರುತ್ತಾರೆ. ಇಂಗ್ಲಿಷಿನ ಮೂರು ಅಕ್ಷರ: ಮೊದಲು ಜೀಸಸ್, ಆಮೇಲೆ ಅದರ್ಸ್, ಕೊನೆಗೆ ಯು. ಯೇಸು, ಉಳಿದವರು, ಎಲ್ಲ ಆದ ಮೇಲೆ ನೀನು. ತಪ್ಪು ಮಾಡಿದರೆ ಆಟದ ಬಿಡುವಿನಲ್ಲಿ ಒಳಗೆ ಕೂರಬೇಕು, ಇಲ್ಲವೇ ಒಂದೇ ವಾಕ್ಯವನ್ನು ಸಾಲುಸಾಲಾಗಿ ಬರೆಯಬೇಕು. ಹೊಗಳಿಕೆ ಕಡಿಮೆ. ಜಾಸ್ತಿ ಹೊಗಳಿದರೆ ಮಗುವಿಗೆ ಜಂಬ ಬರುತ್ತದೆ, ಜಂಬ ಅವರ ಪಾಲಿಗೆ ದೊಡ್ಡ ಪಾಪ. ನಮ್ಮ ಹಳೆಯ ಕಾಲದ ಅಜ್ಜಿಯರೂ ಮಗುವನ್ನು ಎದುರಿಗೆ ಹೊಗಳುತ್ತಿರಲಿಲ್ಲ, ದೃಷ್ಟಿ ಆಗುತ್ತದೆ ಅಂತ. ಕಾರಣ ಬೇರೆ, ಬಾಯಿ ಕಟ್ಟಿಕೊಳ್ಳುವುದು ಒಂದೇ.

ಕೆಲಸವೂ ಶಿಸ್ತೇ. ನಾಲ್ಕೈದು ವರ್ಷಕ್ಕೆ ಕೋಳಿಗೂಡಿನಿಂದ ಮೊಟ್ಟೆ ತರುವುದು, ಕರುವಿಗೆ ನೀರಿಡುವುದು. ಶಿಕ್ಷೆಗೆ ಅಂತ ಕೊಟ್ಟ ಕೆಲಸವಲ್ಲ, ಮಗು ಮಾಡದಿದ್ದರೆ ಆ ಕೆಲಸ ನಿಜವಾಗಿಯೂ ನಿಂತುಹೋಗುತ್ತದೆ. ದೊಡ್ಡವರಾಗಿ ಹೊರಗೆ ದುಡಿದರೂ ಸಂಬಳ ಮನೆಗೆ ಕೊಡಬೇಕು, ಹಳೆಯ ಪದ್ಧತಿಯಲ್ಲಿ ಇಪ್ಪತ್ತೊಂದು ತುಂಬುವವರೆಗೆ. ಇಷ್ಟೆಲ್ಲ ಆದ ಮೇಲೆ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಮಕ್ಕಳು ತಾವಾಗಿ ಬಂದು ದೀಕ್ಷೆ ಪಡೆಯುತ್ತಾರೆ. ಇಪ್ಪತ್ತು ವರ್ಷಕ್ಕೊಮ್ಮೆ ಅವರ ಸಂಖ್ಯೆ ಹತ್ತಿರ ಹತ್ತಿರ ಇಮ್ಮಡಿಯಾಗುತ್ತದೆ. ಈಗ ಸುಮಾರು 4 ಲಕ್ಷ.

ಇಲ್ಲಿಯವರೆಗೆ ಅಮ್ಮ ತಲೆಯಾಡಿಸುತ್ತಾ ಕೇಳಿದಳು. "ಇನ್ನೇನು ಬೇಕು?" ಅಂದಳು.

ನನಗೂ ಅಷ್ಟು ದಿನ ಹಾಗೇ ಅನ್ನಿಸಿತ್ತು. ಆಮೇಲೆ ನಿಕಲ್ ಮೈನ್ಸ್ ಅನ್ನುವ ಊರಿನ ಬಗ್ಗೆ ಓದಿದೆ. ನಾವು ಬಟಾಣಿ ಕೊಂಡ ಜಾಗದಿಂದ ಅದು ಬಹಳ ದೂರವೇನಲ್ಲ. 2006ರ ಅಕ್ಟೋಬರ್ 2ರಂದು, ನಮ್ಮಲ್ಲಿ ಗಾಂಧಿ ಜಯಂತಿಯ ದಿನ, ಹಾಲಿನ ಲಾರಿ ಓಡಿಸುತ್ತಿದ್ದ ಒಬ್ಬ ಅಲ್ಲಿನ ಒಂದು ಕೋಣೆಯ ಆಮಿಶ್ ಶಾಲೆಗೆ ನುಗ್ಗಿದ. ಹುಡುಗರನ್ನು ಹೊರಗೆ ಕಳಿಸಿ ಹತ್ತು ಹುಡುಗಿಯರಿಗೆ ಗುಂಡು ಹೊಡೆದ. ಐವರು ಸತ್ತರು. ತಾನೂ ಗುಂಡು ಹಾರಿಸಿಕೊಂಡು ಸತ್ತ. ಅವತ್ತೇ ಆಮಿಶರು ಅವನ ಹೆಂಡತಿ, ಅಪ್ಪ ಅಮ್ಮನ ಬಳಿ ಹೋಗಿ ಕ್ಷಮಿಸಿದ್ದೇವೆ ಎಂದರು. ಅವನ ಅಂತ್ಯಕ್ರಿಯೆಗೆ ಬಂದವರಲ್ಲಿ ಅರ್ಧಕ್ಕರ್ಧ ಆಮಿಶರೇ. ಹತ್ತು ದಿನದೊಳಗೆ ಆ ಶಾಲೆಯನ್ನು ಕೆಡವಿ ಹುಲ್ಲುಗಾವಲು ಮಾಡಿದರು. ಇದೆಲ್ಲ ಲೋಕಕ್ಕೆ ಗೊತ್ತಾದದ್ದು. ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ವಿಷಯ. ಹುಡುಗಿಯರಲ್ಲೆಲ್ಲ ದೊಡ್ಡವಳು, ಹದಿಮೂರು ವರ್ಷದವಳು, ಮೊದಲು ನನಗೆ ಹೊಡಿ ಅಂತ ಕೇಳಿದಳಂತೆ. ಚಿಕ್ಕವರಿಗೆ ಸ್ವಲ್ಪ ಸಮಯವಾದರೂ ಸಿಗಲಿ ಅಂತ. ಬದುಕಿ ಉಳಿದ ಮಕ್ಕಳು ಹೇಳಿದ್ದು ಇದು ಎಂದು ಆಗ ವರದಿಯಾಗಿತ್ತು.

ಯೇಸು, ಉಳಿದವರು, ಕೊನೆಗೆ ನೀನು.

ಆ ಧೈರ್ಯದ ಮುಂದೆ ನಾನು ಏನೂ ಹೇಳಲಾರೆ. ಆದರೂ ತಾಯಿಯಾಗಿ ಒಂದು ಯೋಚನೆ ಬಂದೇ ಬಂತು, ಬೇಡವೆಂದರೂ. ನಾನು ಅನ್ನುವುದನ್ನು ಅಷ್ಟು ಪೂರ್ತಿಯಾಗಿ ಬಿಟ್ಟುಕೊಡಲು ಕಲಿತ ಮಗು, ಕೆಟ್ಟವನು ಹೊರಗಿನವನಾಗಿರದೆ ಮನೆಯ ಒಳಗಿನವನೇ ಆಗಿದ್ದರೆ, ಬೇಡ ಅಂತ ಹೇಳುವುದನ್ನು ಎಲ್ಲಿ ಕಲಿತಿರುತ್ತದೆ?

ಇದು ಸುಮ್ನೆ ಹುಟ್ಟಿದ ಭಯವಲ್ಲ. 2013ರಲ್ಲಿ ಕೆನಡಾದ ಮ್ಯಾನಿಟೋಬಾದಲ್ಲಿ ಹಳೆಯ ಕಟ್ಟಿನ ಒಂದು ಸಣ್ಣ ಮೆನೊನೈಟ್ ಸಮುದಾಯದಿಂದ ಸುಮಾರು 40 ಮಕ್ಕಳನ್ನು ಸರ್ಕಾರ ಎತ್ತಿಕೊಂಡು ಹೋಯಿತು. ಊರಿನಲ್ಲಿ ಹೆಚ್ಚುಕಮ್ಮಿ ಮಕ್ಕಳೇ ಉಳಿಯಲಿಲ್ಲ. ಶಿಸ್ತಿನ ಹೆಸರಲ್ಲಿ ದೊಡ್ಡವರು ಮಕ್ಕಳನ್ನು ಚರ್ಮದ ಪಟ್ಟಿಯಿಂದ, ದನಕ್ಕೆ ಶಾಕ್ ಕೊಡುವ ಕೋಲಿನಿಂದ ಹಿಂಸಿಸಿದರು ಅನ್ನುವ ಆರೋಪ. ಹಲವರ ಮೇಲೆ ಕೇಸಾಯಿತು. ಮಕ್ಕಳು ಆಮೇಲೆ ಸ್ವಲ್ಪಸ್ವಲ್ಪವಾಗಿ ಮನೆಗೆ ಮರಳಿದರು. ಕೆನಡಾದಲ್ಲಿ 2004ರಲ್ಲೇ ಸುಪ್ರೀಂ ಕೋರ್ಟು ಗೆರೆ ಎಳೆದಿತ್ತು: ಎರಡು ವರ್ಷದ ಒಳಗಿನ ಮಗುವಿಗಾಗಲಿ ಹದಿಹರೆಯದವರಿಗಾಗಲಿ ಕೈ ಎತ್ತಬಾರದು, ಕೋಲು ಬೆಲ್ಟು ಬಳಸಬಾರದು, ತಲೆಗೆ ಹೊಡೆಯಬಾರದು. ಅಲ್ಲಿ ಆ ಗೆರೆಯನ್ನು ಕೇಳಿದವರೇ ಇರಲಿಲ್ಲ.

ಇಂಥ ಒಂದು ಊರನ್ನು ತೋರಿಸಿ ಎಲ್ಲರೂ ಹೀಗೇ ಅನ್ನುವುದು ಮೋಸ. ಹಾಗೆಯೇ ಆ ನಾಲ್ಕು ಮಕ್ಕಳ ಬೆಂಚು ತೋರಿಸಿ ಎಲ್ಲ ಚೆನ್ನಾಗಿದೆ ಅನ್ನುವುದೂ ಮೋಸವೇ. ಆಮಿಶರಲ್ಲಿ ದೊಡ್ಡವರು ಮಗುವಿಗೆ ಅನ್ಯಾಯ ಮಾಡಿದರೆ ಹಳೆಯ ದಾರಿ ಹೀಗೆ: ತಪ್ಪು ಮಾಡಿದವನು ಸಭೆಯ ಮುಂದೆ ಮಂಡಿಯೂರಿ ಒಪ್ಪಿಕೊಳ್ಳಬೇಕು, ಕೆಲವು ವಾರ ಅವನನ್ನು ದೂರ ಇಡುತ್ತಾರೆ, ಆಮೇಲೆ ಕ್ಷಮೆ. ಕ್ಷಮಿಸಿದ ಮೇಲೆ ಮತ್ತೆ ಅದರ ಮಾತೆತ್ತಬಾರದು. ಎತ್ತಿದರೆ ಕ್ಷಮಿಸಲಿಲ್ಲ ಅನ್ನುವ ತಪ್ಪು ಎತ್ತಿದವರ ಮೇಲೆ. ಪೊಲೀಸ್, ಕೋರ್ಟು ಹೊರಗಿನವರ ದಾರಿ. ಗುಂಡು ಹೊಡೆದವನ ಮನೆಗೆ ಹೋಗಿ ಕ್ಷಮಿಸಿದ ಕೈ ಇದೇ, ಮಗುವಿನ ಬಾಯಿ ಮುಚ್ಚುವ ಕೈಯೂ ಇದೇ. ಲ್ಯಾಂಕಾಸ್ಟರ್‌ನಲ್ಲಿ ಈಗ ಅವರ ಕಡೆಯ ಮುಖಂಡರು ಪೊಲೀಸರ, ಮಕ್ಕಳ ರಕ್ಷಣಾ ಇಲಾಖೆಯವರ ಜೊತೆ ಕೂತು ಮಾತಾಡುವುದು ನಡೆಯುತ್ತಿದೆ. ಒಳ್ಳೆಯದಾಗಲಿ.

ಇನ್ನೊಂದು ತಮಾಷೆ, ಕಹಿ ತಮಾಷೆ. 1994ರಲ್ಲಿ ಟೆನೆಸ್ಸಿಯ ಪಾದ್ರಿ ದಂಪತಿ ಮಕ್ಕಳನ್ನು ಪಳಗಿಸುವ ಪುಸ್ತಕ ಬರೆದರು. ಆಮಿಶರು ಹಟಮಾರಿ ಹೇಸರಗತ್ತೆ ಪಳಗಿಸುವ ವಿಧಾನವೇ ಇದು ಅಂತ ಅದರಲ್ಲಿ ಹೇಳಿಕೊಂಡಿದ್ದರು. ಅವರು ಆಮಿಶರೇ ಅಲ್ಲ. ಲಕ್ಷಗಟ್ಟಲೆ ಪ್ರತಿ ಖರ್ಚಾದವು. ಹಿಂದೆ ಮೂರು ಗಂಟೆ ಜೊತೆಗೆ ಕೂರುವ ಸಭೆ ಇಲ್ಲ, ಎತ್ತಿಕೊಳ್ಳುವ ಅಕ್ಕಂದಿರಿಲ್ಲ, ಬಿಸ್ಕತ್ತಿನ ತಟ್ಟೆ ಇಲ್ಲ. ಕೋಲು ಮಾತ್ರ ಇದೆ. ಬೆಂಚಿನ ಮಕ್ಕಳನ್ನು ನೋಡಿ ನನ್ನ ಹಾಗೆ ಹೊಟ್ಟೆಕಿಚ್ಚು ಪಟ್ಟವರು ಕೊಂಡಿರಬೇಕು.

ಕೊನೆಗೆ ಓದಿದ್ದು ಕೋರ್ಟಿನ ಕತೆ. ಎಂಟನೆಯ ತರಗತಿ ಸಾಕು, ಅದರ ಮೇಲೆ ಓದಿದರೆ ಮಕ್ಕಳು ಕೈತಪ್ಪುತ್ತಾರೆ ಅಂತ ಆಮಿಶರ ನಂಬಿಕೆ. ಸರ್ಕಾರಗಳಿಗೆ ಅದು ಒಪ್ಪಿಗೆಯಿಲ್ಲ. 1965ರಲ್ಲಿ ಅಯೋವಾದಲ್ಲಿ ಅಧಿಕಾರಿಗಳು ಆಮಿಶ್ ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಸರ್ಕಾರಿ ಶಾಲೆಗೆ ಸಾಗಿಸಲು ಹೋದರು. ಮಕ್ಕಳು ಜೋಳದ ಹೊಲಕ್ಕೆ ಓಡಿದರು. ಆ ಫೋಟೋ ದೇಶದ ತುಂಬ ಅಚ್ಚಾಯಿತು. ಸುಮ್ನೆ ಕೂರುವ ಮಕ್ಕಳು ಎಷ್ಟು ಜೋರಾಗಿ ಓಡಬಲ್ಲರು ಅಂತ ಅದರಲ್ಲಿ ನೋಡಬೇಕು.

ಮೂರು ವರ್ಷದ ನಂತರ ವಿಸ್ಕಾನ್ಸಿನ್‌ನ ನ್ಯೂ ಗ್ಲಾರಸ್‌ನಲ್ಲಿ ಜೋನಾಸ್ ಯೋಡರ್ ಮತ್ತು ಇನ್ನಿಬ್ಬರು ತಂದೆಯರು ಮಕ್ಕಳನ್ನು ಹೈಸ್ಕೂಲಿಗೆ ಕಳಿಸಲಿಲ್ಲ. ತಲಾ 5 ಡಾಲರ್ ದಂಡ. ಐದೇ ಡಾಲರಿನ ಆ ಕೇಸು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1972ರ ಮೇ 15ರಂದು ಆಮಿಶರು ಗೆದ್ದರು. ಇವತ್ತಿಗೂ ಅವರ ಮಕ್ಕಳು ಎಂಟಕ್ಕೆ ನಿಲ್ಲಿಸುವುದು ಆ ತೀರ್ಪಿನ ಬಲದ ಮೇಲೆ.

ಅಮ್ಮ ಊರಿಗೆ ಹೊರಡುವ ಮೊದಲು ಇನ್ನೊಂದು ಸಲ ಆ ಅಂಗಡಿಗೆ ಹೋಗಿ ಬಟಾಣಿ ತಂದಿದ್ದೆವು. ಸೀಸನ್ ಮುಗಿಯುತ್ತಾ ಬಂದಿತ್ತು. ನಾನು ಧೈರ್ಯ ಮಾಡಿ ಆ ಹೆಂಗಸನ್ನು ಕೇಳಿಯೇಬಿಟ್ಟೆ, ನಿಮ್ಮ ಮಕ್ಕಳು ಅಷ್ಟು ಸುಮ್ಮನೆ ಹೇಗೆ ಕೂರುತ್ತಾರೆ ಅಂತ. ಅವಳು ಜೋರಾಗಿ ನಕ್ಕು, "ದನದ ಕೊಟ್ಟಿಗೆಯಲ್ಲಿ ನೋಡಬೇಕು ಇವರನ್ನ" ಎಂದಳು. ಚಿಲ್ಲರೆ ಎಣಿಸಿ ಕೊಟ್ಟಳು.

ಮನೆಗೆ ಬಂದು ಊಟದ ಟೇಬಲ್ಲಿಗೆ ಕೂತು ಇಬ್ಬರೂ ಬಟಾಣಿ ಸುಲಿಯುತ್ತಾ ನಾನು ಆ ತೀರ್ಪಿನ ಕತೆ ಹೇಳಿದೆ. ಜಡ್ಜುಗಳಲ್ಲಿ ಡಗ್ಲಾಸ್ ಅನ್ನುವವರು ಒಬ್ಬರೇ ಪೂರ್ತಿ ಒಪ್ಪಲಿಲ್ಲ. ತಂದೆಯರ ಮಾತು ಕೇಳಿದ್ದಾಯಿತು, ಸರ್ಕಾರದ ಮಾತು ಕೇಳಿದ್ದಾಯಿತು, ಮಕ್ಕಳನ್ನು ಕೇಳಿದಿರಾ ಅಂತ ಅವರ ಪ್ರಶ್ನೆ. ಮಗು ಮುಂದೆ ಪಿಯಾನೋ ನುಡಿಸಬೇಕು ಅನ್ನಬಹುದು, ಆಕಾಶಕ್ಕೆ ಹಾರಬೇಕು ಅನ್ನಬಹುದು. ಆ ಮೂವರು ತಂದೆಯರ ಮೂವರು ಮಕ್ಕಳಲ್ಲಿ ಸಾಕ್ಷಿ ಹೇಳಿದ್ದು ಒಬ್ಬಳು ಹುಡುಗಿ ಮಾತ್ರ. ಹೈಸ್ಕೂಲು ಬೇಡ ಅನ್ನುವುದು ನನ್ನದೇ ನಂಬಿಕೆ ಎಂದಳು. ಸರಿ, ಹಾಗಾದರೆ ಅವಳಪ್ಪನ ವಿಷಯದಲ್ಲಿ ನಾನೂ ಒಪ್ಪಿದೆ ಎಂದು ಬರೆದರು ಡಗ್ಲಾಸ್.

"ಇನ್ನಿಬ್ರು?" ಎಂದಳು ಅಮ್ಮ.

"ಅವ್ರನ್ನ ಯಾರೂ ಕೇಳ್ಲಿಲ್ಲ ಅಮ್ಮ."

ಅಮ್ಮ ಸ್ವಲ್ಪ ಹೊತ್ತು ಸುಲಿಯುತ್ತಲೇ ಇದ್ದಳು. ಮಗ ಟೇಬಲ್ ಕೆಳಗೆ ಕೂತು, ಬಿದ್ದ ಕಾಳುಗಳನ್ನು ಒಂದು ಲಾರಿಗೆ ತುಂಬುತ್ತಿದ್ದ.

"ಲೇ ಪುಟ್ಟ, ಮೇಲೆ ಬಾರೋ, ಅಜ್ಜಿ ಜೊತೆ ಸುಲಿ" ಎಂದಳು.

"ಬೇಡ" ಎಂದ.

"ಸರಿ, ಹಂಗಾದ್ರೆ ಅಲ್ಲೇ ಕೂತಿರು" ಎಂದು ಅಮ್ಮ ಒಂದು ಹಿಡಿ ಕಾಯಿ ತೆಗೆದು ಟೇಬಲ್ ಕೆಳಗೆ ಚಾಚಿದಳು.